ಕೊನೆಗೆ ಇಳಿಯುವವರಿಗೆ ಮಾತ್ರ ಗೊತ್ತಿದ್ದ ಕತೆ

"ಅಮ್ಮಾ, ಪ್ರೇಮಕ್ಕನನ್ನು ಹಿಡ್ಕೊಂಡು ಹೋಗ್ಲಿಕ್ಕೆ ಯಾರಾದ್ರೂ ಬರ್ತಾರಾ?"

ಚೈತನ್ಯಾ ಇದನ್ನು ಕೇಳಿದ್ದು ದೋಸೆಯ ಮೊದಲ ತುಂಡನ್ನು ಚಟ್ನಿಗೆ ಅದ್ದುತ್ತ. ಶಾಂಭವಿಯ ಕೈಯ ಸಟ್ಟುಗ ಕಾವಲಿಯ ಮೇಲೆ ಹಾಗೆಯೇ ನಿಂತಿತು.

"ಯಾರು ಹಿಡ್ಕೊಂಡು ಹೋಗುದು? ಪೊಲೀಸರಾ?"

"ಅಲ್ಲ, ಸೀಟಿಯವರು."

"ಯಾವ ಸೀಟಿಯವರು ಕೂಸೇ?"

ಹುಡುಗಿ ಬಾಗಿಲ ಕಡೆ ಒಮ್ಮೆ ತಿರುಗಿ ನೋಡಿ ದನಿ ಇಳಿಸಿದಳು. "ಅದು ಹೇಳ್ಬಾರ್ದು. ವ್ಯಾನಿನ ಮಾತು ವ್ಯಾನಿನಲ್ಲೇ ಇರ್ಬೇಕು."

ಕಾವಲಿಯ ಮೇಲಿನ ದೋಸೆ ಕರಟಿಹೋಯಿತು.

ಪ್ರೇಮಕ್ಕ ಎಂದರೆ ಪ್ರೇಮಾವತಿ, ಶಾಲೆಯ ವ್ಯಾನು ಓಡಿಸುವವರು. ಸುಳ್ಯದ ಶಾಲೆಯಿಂದ ಸಂಜೆ ಹೊರಟು ಪೈಚಾರು, ಜಾಲ್ಸೂರು, ಕನಕಮಜಲು, ಕಾವು ಎಂದು ಪುತ್ತೂರಿನ ರಸ್ತೆಯುದ್ದಕ್ಕೂ ಮಕ್ಕಳನ್ನು ಇಳಿಸುತ್ತ ಹೋಗಿ, ಅದೇ ದಾರಿಯಲ್ಲಿ ಖಾಲಿ ವ್ಯಾನಿನಲ್ಲಿ ಸುಳ್ಯಕ್ಕೆ ಹಿಂತಿರುಗುವುದು ಅವರ ಕೆಲಸ. ಆ ದಾರಿಯಲ್ಲಿ ಎಲ್ಲರಿಗಿಂತ ಮೊದಲು ಇಳಿಯುವವಳು ಚೈತನ್ಯಾ. ಪೈಚಾರು ದಾಟಿದ ಕೂಡಲೇ ಅವಳ ಮನೆಯ ಗೇಟು.

ಮಗಳು ಒಂದನೇ ಕ್ಲಾಸಿಗೆ ಸೇರಿದಾಗಿನಿಂದ ಈಗ ನಾಲ್ಕನೆಯದರವರೆಗೂ ಪ್ರೇಮಾವತಿಯೇ ಕರೆದುಕೊಂಡು ಹೋಗಿ ಬಿಟ್ಟುಹೋಗುತ್ತಿದ್ದರೂ, ಶಾಂಭವಿಗೆ ಅವರ ಬಗ್ಗೆ ಗೊತ್ತಿದ್ದದ್ದು ಗೇಟಿನ ಒಳಗಿನಿಂದ ಕಾಣುವಷ್ಟು ಮಾತ್ರ. ನಲವತ್ತೈದರ ಆಸುಪಾಸಿನ ಹೆಂಗಸು, ಚೂಡಿದಾರದ ಮೇಲೆ ಗಂಡಸರ ಉದ್ದ ತೋಳಿನ ಅಂಗಿ, ಕುತ್ತಿಗೆಗೊಂದು ಟವೆಲು, ಒಂದೇ ಸಲ ಹೊಡೆಯುವ ಹಾರ್ನು. ಉಳಿದದ್ದು ಅವರಿವರ ಬಾಯಿಂದ ಕೇಳಿದ್ದು. ತವರು ಕಡಬದ ಕಡೆ. ಗಂಡ ಜಯಪ್ರಕಾಶ್ ಸರ್ವಿಸ್ ಜೀಪು ಓಡಿಸುತ್ತಿದ್ದವರು. ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾದ ಮೇಲೆ ಮನೆಯಲ್ಲಿ ಕೋಳಿ ಸಾಕಿಕೊಂಡಿದ್ದಾರೆ. ಮಗಳು ಭವಿತಾ ಮಂಗಳೂರಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ. ಗಂಡನ ಬದಿಯಲ್ಲಿ ಕೂತು ನೋಡಿಯೇ ಗೇರು ಹಾಕಲು ಕಲಿತ ಪ್ರೇಮಾವತಿ, ಮೊದಲು ಪಿಕಪ್ಪಿನಲ್ಲಿ ಬಾಳೆಗೊನೆ ಹೇರಿಕೊಂಡು ಪುತ್ತೂರಿಗೆ ಹೋಗುತ್ತಿದ್ದರಂತೆ. ಹೆಂಗಸು ರಿವರ್ಸ್ ತೆಗೆಯುವುದನ್ನು ನೋಡಲೆಂದೇ ಜಾಲ್ಸೂರಿನ ಹೋಟೆಲಿನಿಂದ ಗಂಡಸರು ಚಾದ ಗ್ಲಾಸು ಹಿಡಿದುಕೊಂಡೇ ಹೊರಗೆ ಬರುತ್ತಿದ್ದರಂತೆ. ಇದನ್ನೆಲ್ಲ ಶಾಂಭವಿ ಇಷ್ಟು ದಿನ ಮೆಚ್ಚಿಕೊಂಡೇ ಕೇಳಿದ್ದಳು. ಸೀಟಿಯವರ ಮಾತು ಕಿವಿಗೆ ಬಿದ್ದ ದಿನದಿಂದ ಅದೇ ಸಂಗತಿಗಳು ಬೇರೆಯಾಗಿ ಕಾಣತೊಡಗಿದವು. ಯಾರಿಗೂ ಹೆದರದ ಹೆಂಗಸು ಎಂದರೆ ಯಾವುದಕ್ಕೂ ಹೇಸದವಳೂ ಆಗಿರಬಹುದಲ್ಲ?

ಅದೇ ದಿನ ಸಂಜೆ ಕುಕ್ಕರಿನಲ್ಲಿ ಬೇಳೆ ಇಟ್ಟಿದ್ದಳು. ಮೊದಲ ವಿಸಿಲಿಗೆ ಚೈತನ್ಯಾ ಹೋಂವರ್ಕಿನಿಂದ ತಲೆ ಎತ್ತಿದಳು. ಎರಡನೆಯದಕ್ಕೆ ಎದ್ದು ನಿಂತಳು. ಮೂರನೆಯದು ಕೂಗಿದ್ದೇ ತಡ, ಓಡಿಹೋಗಿ ಜಗಲಿಯ ಬಾಗಿಲು ಹಾಕಿ ಚಿಲಕ ಸಿಕ್ಕಿಸಿ ಬೆನ್ನು ಒತ್ತಿಕೊಂಡು ನಿಂತುಬಿಟ್ಟಳು.

ಹೊರಗೆ ಕಾಲು ತೊಳೆಯುತ್ತಿದ್ದ ಗೌರೀಶಂಕರ ಬಾಗಿಲು ತಟ್ಟಿದ. "ಯಾರು ಹಾಕಿದ್ದು ಇದನ್ನು?"

"ಗುರುತಿನ ಮಾತು ಹೇಳಿ," ಎಂದಳು ಮಗಳು ಒಳಗಿನಿಂದ.

"ನಾನು ನಿನ್ನ ಅಪ್ಪ. ಹಸಿವಾಗ್ತಾ ಉಂಟು."

"ಅದು ಸಾಕಾಗುದಿಲ್ಲ."

ಗೌರೀಶಂಕರ ಹೊಟ್ಟೆ ಹಿಡಿದುಕೊಂಡು ನಕ್ಕ. ಶಾಂಭವಿಗೆ ನಗು ಬರಲಿಲ್ಲ. ಬಾಗಿಲಿಗೆ ಒತ್ತಿದ ಆ ಪುಟ್ಟ ಬೆನ್ನು ನಡುಗುತ್ತಿದ್ದುದನ್ನು ಅವಳು ನೋಡಿದ್ದಳು.

"ನಿನಗೆ ಎಲ್ಲದರಲ್ಲೂ ಸಂಶಯ ಮಾರಾಯ್ತಿ," ಎಂದ ಗಂಡ. "ಮಕ್ಕಳು ಆಡುದು ಬೇಡ್ವಾ?"

"ಆಟ ಆದ್ರೆ ಅಮ್ಮನ ಹತ್ರ ಹೇಳ್ಬಾರ್ದು ಅಂತ ಯಾಕೆ ಹೇಳಿಕೊಡ್ಬೇಕು?"

ಗೌರೀಶಂಕರ ಟವೆಲು ಎತ್ತಿಕೊಂಡು ಕಾಲು ಒರೆಸಿದ.

ಬುಧವಾರ ಶಾಲೆಯ ಚೀಲ ಒಗೆಯಲೆಂದು ಮಗುಚಿದಾಗ ಒಳಜೇಬಿನಿಂದ ಕೈವಸ್ತ್ರದ ಗಂಟೊಂದು ಕೆಳಗೆ ಬಿತ್ತು. ಬಿಚ್ಚಿದರೆ ಮಾವಿನ ರಸ ಒಣಗಿಸಿ ಮಾಡಿದ ಎರಡು ತುಂಡು ಮಾಂಬಳ, ಒಂದು ಉಂಡೆ ಬೆಲ್ಲ, ಮಡಚಿದ ಹಸಿ ಹಲಸಿನ ಹಪ್ಪಳ, ಒಂದು ಮುಷ್ಟಿ ಅವಲಕ್ಕಿ. ಎಲ್ಲವೂ ಶಾಂಭವಿಯೇ ಡಬ್ಬಿಯಲ್ಲಿ ತುಂಬಿಸಿ ಅಟ್ಟದ ಮೇಲಿಟ್ಟದ್ದು. ಎಲ್ಲವೂ ಕೆಡದೆ ನಾಲ್ಕು ದಿನ ಇರುವಂಥದ್ದು. ಚೀಲದ ಪಟ್ಟಿಗೆ ಸೇಫ್ಟಿಪಿನ್ನುಗಳ ಒಂದು ಸಾಲು ಬೇರೆ ಸಿಕ್ಕಿಸಿತ್ತು. ಅವಳು ಒಗೆಯುವ ಕಲ್ಲಿನ ಮೇಲೆಯೇ ಕೂತುಬಿಟ್ಟಳು. ದೂರ ಹೊರಡುವವರು ಕಟ್ಟಿಕೊಳ್ಳುವ ಬುತ್ತಿ ಇದು. ನನ್ನ ಮಗು ಎಲ್ಲಿಗೆ ಹೊರಟಿದೆ? ಯಾರ ಜೊತೆ?

ಬೈದರೆ ಚೈತನ್ಯಾ ಚಿಪ್ಪಿನೊಳಗೆ ಸೇರುವ ಜಾತಿ. ಹಾಗಾಗಿ ಶಾಂಭವಿ ಗಂಟನ್ನು ಇದ್ದಲ್ಲೇ ಇಟ್ಟು, ತಲೆಗೆ ಎಣ್ಣೆ ಹಚ್ಚುವ ನೆಪದಲ್ಲಿ ಮಗಳನ್ನು ಎದುರು ಕೂರಿಸಿಕೊಂಡು ಒಂದೊಂದೇ ಎಳೆ ಬಿಡಿಸಿದಳು.

ಹೊರಬಂದದ್ದು ಒಂದು ಕತೆ. ಸೀಟಿಯ ಊರು ಅಂತ ಒಂದು ಊರು. ಅಲ್ಲಿ ಒಂದು ಸೀಟಿಗೆ ಏಳಬೇಕು, ಎರಡಕ್ಕೆ ನೀರಿಗೆ ಹೋಗಬೇಕು, ಮೂರಕ್ಕೆ ಎಲ್ಲರೂ ಬಾಗಿಲು ಹಾಕಿ ಒಳಗಿರಬೇಕು. ಒಂದು ಮನೆಯವರು ಇನ್ನೊಂದು ಮನೆಯವರ ಹತ್ತಿರ ಪ್ರಶ್ನೆ ಕೇಳುವಂತಿಲ್ಲ, ಊರಿನ ಗುಟ್ಟು ಹೊರಗೆ ಹೇಳಿದವರನ್ನು ಸೀಟಿಯವರು ಹಿಡಿದುಕೊಂಡು ಹೋಗುತ್ತಾರೆ. ಹನ್ನೆರಡು ತುಂಬಿದ ಮಕ್ಕಳನ್ನು ಸೀಟಿ ಊದಿಸುವ ಗೋಪುರದವರು ಕರೆದುಕೊಂಡು ಹೋಗುತ್ತಾರೆ. ಹೋದವರು ಸೀಟಿ ಊದುವವರಾಗಿ ಹಿಂದೆ ಬರುತ್ತಾರೆ, ಅವರಿಗೆ ಮನೆಯವರ ಗುರುತು ಇರುವುದಿಲ್ಲ. ಆ ಊರಿನಲ್ಲಿ ಬೊಳ್ಳಿ ಅಂತ ಒಬ್ಬಳು ಹುಡುಗಿ. ಅವಳು ಗೋಪುರಕ್ಕೆ ಹೋಗದೆ ತಪ್ಪಿಸಿಕೊಂಡು ತಿರುಗುತ್ತಿದ್ದಾಳೆ.

"ಧೈರ್ಯದ ಹುಡುಗಿಯಾ?"

"ಇಲ್ಲ ಅಮ್ಮ, ಹೆದರುಪುಕ್ಕಿ. ಅವಳ ತಲೆಯಲ್ಲಿ ಹೇನು ಉಂಟು. ಓಡುವಾಗ ಚಪ್ಪಲಿಯ ಬಾರು ಕಡಿದುಹೋಗ್ತದೆ, ಪಿನ್ನು ಹಾಕಿ ಓಡ್ತಾಳೆ. ರಕ್ತ ಹೀರುವ ಇಂಬಳ ಕಂಡ್ರೆ ಕೂಗ್ತಾಳೆ. ಮತ್ತೆ…" ಚೈತನ್ಯಾ ಬಲಗಿವಿಯನ್ನು ಮಡಚಿ ತೋರಿಸಿದಳು. "ಅವಳಿಗೂ ಇಲ್ಲಿ ಕಪ್ಪು ಮಚ್ಚೆ ಉಂಟು."

ಎಣ್ಣೆಯ ಕೈ ನಿಂತಿತು. ಮಗಳ ಬಲಗಿವಿಯ ಹಿಂದಿನ ಆ ಮಚ್ಚೆ ಹೆತ್ತವಳಿಗೆ ಬಿಟ್ಟರೆ ಇನ್ನೊಬ್ಬರ ಕಣ್ಣಿಗೆ ಬೀಳುವಂಥದ್ದೇ ಅಲ್ಲ.

"ನಿನ್ನೆ ಬೊಳ್ಳಿಗೆ ಎಂತ ಆಯ್ತು?"

"ನೀರಿನ ಟಾಂಕಿಯೊಳಗೆ ಅಡಗಿ ಕೂತ್ಲು. ಮೂರನೇ ಸೀಟಿ ಆಯ್ತು."

"ಮತ್ತೆ?"

"ಅಷ್ಟರಲ್ಲಿ ನಮ್ಮ ಗೇಟು ಬಂತು."

ಹಿಂದಿನ ದಿನದ್ದು ಕೇಳಿದರೂ ಅಷ್ಟೇ, ಅದರ ಹಿಂದಿನದ್ದೂ ಅಷ್ಟೇ. ಬೊಳ್ಳಿ ಹೊಂಡಕ್ಕೆ ಬಿದ್ದಳು, ಗೇಟು ಬಂತು. ನಾಯಿ ಬೆನ್ನಟ್ಟಿತು, ಗೇಟು ಬಂತು. ಮಗುವನ್ನು ದಿನವೂ ಹೆದರಿಕೆಯ ಬಾಯಿಗೆ ಕೊಂಡುಹೋಗಿ ನಿಲ್ಲಿಸಿ ಮನೆಗೆ ಕಳಿಸುವ ಇದು ಎಂಥ ಕತೆ?

"ಆದ್ರೆ ಒಂದು ಗೊತ್ತುಂಟು," ಎಂದಳು ಚೈತನ್ಯಾ. "ಬೊಳ್ಳಿಯ ಅಮ್ಮ ಇದ್ದಾಳಲ್ಲ, ಅವಳೇ ಗೋಪುರದವರಿಗೆ ಚಾಡಿ ಹೇಳಿದ್ದು." ಹಿಂದೆ ತಿರುಗಿ ಕೇಳಿದಳು, "ಅಮ್ಮಾ, ನೀನು ಹಾಗೆ ಹೇಳುದಿಲ್ಲ ಅಲ್ವಾ?"

"ಇಲ್ಲ ಕೂಸೇ," ಎಂದು ಶಾಂಭವಿ ಜಡೆ ಬಿಗಿದಳು. ಮಗಳಿಗೆ ನೋವಾಗುವಷ್ಟು ಬಿಗಿದುಹೋಯಿತು.

ಆ ಸಂಜೆಯೇ ಮುರಳಿಕೃಷ್ಣನ ಫೋನು ಬಂತು. ಅವನು ಕನಕಮಜಲಿನವ, ಚೈತನ್ಯಾಳ ಜೊತೆ ಹೋಗುವ ಚಿನ್ಮಯೀಯ ಅಪ್ಪ, ಶಾಲೆಯ ಪೋಷಕರ ಸಮಿತಿಯಲ್ಲಿ ಓಡಾಡುವವನು.

"ಶಾಂಭವಿ ಅಕ್ಕ, ನಿಮ್ಮ ಕೂಸು ಹೆದರಿಕೊಂಡಿದ್ದಾಳೆ ಅಂತ ಗೌರೀಶಂಕರಣ್ಣ ಹೇಳಿದ್ರು. ನಮ್ಮಲ್ಲಿ ಬೇರೆ ತಾಪತ್ರಯ. ವ್ಯಾನು ದಿನಾ ತಡ. ಮೊನ್ನೆ ನನ್ನ ಭಾವ ನೋಡಿದ್ದಾನೆ, ರಸ್ತೆ ಬದಿ ವ್ಯಾನು ನಿಲ್ಲಿಸಿ, ಗ್ಲಾಸೆಲ್ಲ ಏರಿಸಿ, ಒಳಗೆ ಮಕ್ಕಳನ್ನು ಕೂರಿಸ್ಕೊಂಡು ಎಂತದೋ ಪಿಸಿಪಿಸಿ ಹೇಳ್ತಿದ್ರಂತೆ ಆ ಹೆಂಗಸು. ಮಗಳನ್ನು ಕೇಳಿದ್ರೆ ಬಾಯಿ ಬಿಡುದಿಲ್ಲ."

ಶಾಂಭವಿ ಮಗಳಿಗೆ ಕೇಳಿಸದ ಹಾಗೆ ಫೋನು ಹಿಡಿದುಕೊಂಡು ಹಿತ್ತಿಲಿಗೆ ನಡೆದಳು.

"ಶನಿವಾರ ಮೀಟಿಂಗ್ ಉಂಟಲ್ಲ, ನೀವು ಎದ್ದು ನಿಂತು ಒಂದು ಮಾತು ಹೇಳಿ ಸಾಕು. ತಾಯಿ ಹೇಳಿದ್ರೆ ತೂಕ ಬೇರೆ. ಆ ಟ್ರಿಪ್ಪು ಬೇರೆಯವರಿಗೆ ಕೊಡಿಸುದು ನನಗೆ ಬಿಡಿ."

ಫೋನು ಇಟ್ಟ ಮೇಲೂ ಅವಳಿಗೆ ಸಮಾಧಾನವಿಲ್ಲ. ಹೇಳಿದರೆ, ಕಣ್ಣು ಕಾಣದ ಗಂಡನನ್ನು ಸಾಕುವ ಒಬ್ಬ ಹೆಂಗಸಿನ ಅನ್ನಕ್ಕೆ ಕಲ್ಲು ಹಾಕಿದ ಹಾಗೆ. ಹೇಳದೆ ಬಾಯಿ ಮುಚ್ಚಿಕೊಂಡು ಕೂತು, ನಾಳೆ ಮಗಳು ಆ ಗಂಟು ಹಿಡಿದುಕೊಂಡು ಎಲ್ಲಿಗಾದರೂ ಹೊರಟರೆ? ಅರ್ಧ ತಿಳಿದುಕೊಂಡು ಯಾವುದನ್ನೂ ಮಾಡುವ ಹಾಗಿರಲಿಲ್ಲ. ಪೂರ್ತಿ ತಿಳಿಯಬೇಕಾದರೆ ಆ ವ್ಯಾನಿನೊಳಗೆ ಕೂರಬೇಕು.

ಶುಕ್ರವಾರ ಬ್ಯಾಂಕಿನ ಕೆಲಸವಿದೆ ಎಂದು ಸುಳ್ಯಕ್ಕೆ ಹೋದವಳು, ಶಾಲೆ ಬಿಡುವ ಹೊತ್ತಿಗೆ ವ್ಯಾನಿನ ಪಕ್ಕ ನಿಂತಿದ್ದಳು.

"ಪ್ರೇಮಕ್ಕ, ಬ್ಯಾಂಕಿಗೆ ಬಂದಿದ್ದೆ, ಇವತ್ತು ನಾನೂ ನಿಮ್ಮೊಟ್ಟಿಗೆ ಬರ್ತೇನೆ. ಬಸ್ಸಿನಲ್ಲಿ ಕಾಲಿಡ್ಲಿಕ್ಕೆ ಜಾಗ ಇಲ್ಲ."

"ಬನ್ನಿ ಅಕ್ಕ, ಎದುರು ಕೂತ್ಕೊಳ್ಳಿ." ಪ್ರೇಮಾವತಿ ಬದಿಯ ಸೀಟನ್ನು ಟವೆಲಿನಿಂದ ಒರೆಸಿದರು. ತನಗಿಂತ ಎಷ್ಟೋ ಚಿಕ್ಕವಳನ್ನು ಅಕ್ಕ ಎಂದು ಕರೆಯುವುದು ಈ ಕಡೆಯ ರೂಢಿಯೇ. ಆದರೂ ಆ ದಿನ ಶಾಂಭವಿಗೆ ಅದು ಬೆಣ್ಣೆ ಹಚ್ಚುವ ಮಾತಿನಂತೆ ಕೇಳಿಸಿತು.

ಹಿಂದೆ ಮಕ್ಕಳು ಹತ್ತಿದರು. ಜಾಲ್ಸೂರಿನ ಅಸ್ಕರ್, ಆರನೇ ಕ್ಲಾಸಿನವ, ಬಾಯಿ ಜೋರು. ಕನಕಮಜಲಿನ ಚಿನ್ಮಯೀ. ಎಲ್ಲರಿಗಿಂತ ಕೊನೆಗೆ ಇಳಿಯುವ ಹನಾನ್, ಏಳನೇ ಕ್ಲಾಸಿನವಳು, ತಲೆಗೆ ಬಿಳಿ ಸ್ಕಾರ್ಫು, ತೊಡೆಯ ಮೇಲೊಂದು ದಪ್ಪ ಪುಸ್ತಕ. ಎದುರು ಸೀಟಿನಲ್ಲಿ ಚೈತನ್ಯಾಳ ಅಮ್ಮನನ್ನು ಕಂಡು ಎಲ್ಲರ ಬಾಯಿಯೂ ಒಮ್ಮೆಲೇ ಮುಚ್ಚಿತು.

ವ್ಯಾನು ಪೇಟೆ ದಾಟಿತು. ಪ್ರೇಮಾವತಿ ಕನ್ನಡಿಯಲ್ಲಿ ಹಿಂದೆ ನೋಡಿ, "ಕೈ?" ಎಂದರು.

"ಒಳಗೆ!" ಎಂದವು ಮಕ್ಕಳು.

"ಗ್ಲಾಸು?"

"ಮೇಲೆ!"

"ಅಸ್ಕರನ ಕುಂಡೆ?"

"ಸೀಟಿನಲ್ಲಿ!" ಎಂದು ಕಿರುಚಿ ನಕ್ಕವು. ಅಸ್ಕರ್ ಮಾತ್ರ ನಗಲಿಲ್ಲ. ಚೈತನ್ಯಾಳ ಅಮ್ಮನ ಬೆನ್ನನ್ನೇ ನೋಡುತ್ತಿದ್ದ.

"ಇವತ್ತು ಬೊಳ್ಳಿ ಎಲ್ಲಿ ಅಡಗಿದ್ದು? ಹಾಂ, ಪುನಃ ಅದೇ ಟಾಂಕಿ. ಟಾಂಕಿಯೊಳಗೆ ಮೊಣಕಾಲಿನವರೆಗೆ ನೀರು. ಬೊಳ್ಳಿಗೆ ಉಚ್ಚೆ ಬರ್ತಾ ಉಂಟು. ಆದ್ರೆ ಅದು ಇಡೀ ಊರಿನವರು ಕುಡಿಯುವ ನೀರು ಅಲ್ವಾ? ಎಂತ ಮಾಡುದು? ತಡ್ಕೊಂಡು ಕೂತ್ಲು. ಗೋಡೆಯ ಓಟೆಯಿಂದ ನೋಡಿದ್ರೆ ಕೆಳಗೆ ಯಾರು ನಿಂತದ್ದು? ಅವಳ ಅಮ್ಮ. ಒಬ್ಬಳೇ ಅಲ್ಲ, ಗೋಪುರದವನ ಹತ್ರ ಮಾತಾಡ್ತಾ ಇದ್ದಾಳೆ. ಬೊಳ್ಳಿಗೆ ಮಾತು ಕೇಳ್ಸುದಿಲ್ಲ, ಬಾಯಿ ಆಡುದು ಮಾತ್ರ ಕಾಣ್ತದೆ. ಅಮ್ಮ ಕೈ ಎತ್ತಿ ಒಂದು ಕಡೆ ತೋರಿಸಿದ್ಲು… ಓ ಬೈಕಿನವನೇ, ಕನ್ನಡಿ ಹಾಕಿದ್ದು ಹಲ್ಲು ನೋಡ್ಲಿಕ್ಕಾ?"

ಬೈಕಿನವನು ಬದಿಗೆ ಸರಿದ. ವ್ಯಾನು ನಿಂತಿತು. ಎದುರಿಗೆ ಶಾಂಭವಿಯ ಮನೆಯ ಗೇಟು.

ಎಲ್ಲರೂ ಚೈತನ್ಯಾಳನ್ನು ನೋಡಿದರು. ಚೈತನ್ಯಾ ಅಮ್ಮನನ್ನು ನೋಡಿದಳು. ಅಳು ಬರುವ ಮೊದಲಿನ ಮುಖ. ಆ ಮುಖವನ್ನು ಶಾಂಭವಿ ವಾರವಿಡೀ ಗೇಟಿನಲ್ಲಿ ನೋಡಿ, ಶಾಲೆಯ ಆಯಾಸ ಎಂದುಕೊಂಡಿದ್ದಳು.

"ಇವತ್ತು ನಾವು ಇಳಿಯುದಿಲ್ಲ," ಎಂದಳು. "ಕೊನೆಯವರೆಗೆ ಬರ್ತೇವೆ. ಹಿಂದೆ ಬರುವಾಗ ಬಿಡಿ."

ಪ್ರೇಮಾವತಿ ಅವಳ ಮುಖವನ್ನೇ ಅರೆಗಳಿಗೆ ನೋಡಿ ಗೇರು ಹಾಕಿದರು. ಹಿಂದಿನಿಂದ ಅಸ್ಕರನ ಸ್ವರ ಬಂತು. "ಹಾಂ? ಚೈತನ್ಯಾ ಇಳಿಯುದಿಲ್ವಾ? ಯಾಕೆ? ಅವಳು ಇಳಿಯುದು ಇಲ್ಲೇ ಅಲ್ವಾ!"

"ನಿನಗೆಂತ ಆಗ್ಬೇಕು ಅದರಿಂದ?" ಎಂದಳು ಹನಾನ್.

ಪ್ರೇಮಾವತಿಯ ಕತೆಯಲ್ಲಿ ಗೋಪುರದವನು ಅಮ್ಮ ತೋರಿಸಿದ ಕಡೆಗೆ ತಿರುಗಿದ, ಟಾರ್ಚು ಹಾಕಿದ. ಬೊಳ್ಳಿಯ ಮೂಗು ಕೆರೆಯತೊಡಗಿತು, ಸೀನು ಬರುತ್ತದೆ ಎಂದಾಯಿತು. ಜಾಲ್ಸೂರಿನ ಸರ್ಕಲ್ಲು ಬಂತು. ವ್ಯಾನು ನಿಂತಿತು. ಅಸ್ಕರ್ ಚೀಲ ಎತ್ತಿಕೊಂಡ, ಆದರೆ ಇಳಿಯಲಿಲ್ಲ.

"ಇಳಿ ಮಾರಾಯ," ಎಂದರು ಪ್ರೇಮಾವತಿ.

ಶಾಂಭವಿ ತಿರುಗಿ ನೋಡಿದಳು. ಚೈತನ್ಯಾ ಕಣ್ಣು ದೊಡ್ಡದು ಮಾಡಿಕೊಂಡು ಅಸ್ಕರನನ್ನು ನೋಡುತ್ತಿದ್ದಳು.

"ನೀನು ಇಳಿಯುದು ಇಲ್ಲಿಯಾ?" ಎಂದಳು. "ನನ್ನ ಗೇಟಿನ ನಂತರದ್ದೇ ನಿಂದಾ? ಹಾಗಾದ್ರೆ ನಿನಗೂ ಕೊನೆ ಗೊತ್ತಿಲ್ಲ!"

"ಸ್ವಲ್ಪ ಗೊತ್ತುಂಟು," ಎಂದ ಅಸ್ಕರ್.

"ಸುಳ್ಳ! ನನ್ನ ಮಾಂಬಳ ಎಲ್ಲ ತಿಂದಿದ್ದೀಯಲ್ಲ!"

ವಿಷಯ ಹೊರಬಂದದ್ದು ಅಲ್ಲಿ, ಸರ್ಕಲ್ಲಿನ ಬದಿಯಲ್ಲಿ, ಹಿಂದಿನ ಬಸ್ಸು ಹಾರ್ನು ಹೊಡೆಯುತ್ತಿರುವಾಗ. ಗೇಟಿನಲ್ಲಿ ಕತೆ ಅರ್ಧಕ್ಕೆ ಬಿಟ್ಟು ಇಳಿಯುತ್ತಿದ್ದ ಚೈತನ್ಯಾಳಿಗೆ ಮರುದಿನ ಶಾಲೆಯ ಜಗಲಿಯಲ್ಲಿ ಅಸ್ಕರ್ ಕೊನೆ ಮಾರುತ್ತಿದ್ದ. ಒಂದು ಕೊನೆಗೆ ಒಂದು ತುಂಡು ಮಾಂಬಳ. ಮಾಂಬಳ ಮುಗಿದರೆ ಹಪ್ಪಳ, ಬೆಲ್ಲ, ಅವಲಕ್ಕಿ. ಅವನಿಗೇ ಗೊತ್ತಿಲ್ಲದ ಕೊನೆಯನ್ನು ಎಲ್ಲಿಂದ ತರುವುದು? ತಲೆಗೆ ಬಂದದ್ದನ್ನು ಹೇಳುತ್ತಿದ್ದ. ಬೊಳ್ಳಿಯ ಅಮ್ಮ ಚಾಡಿ ಹೇಳುವವಳಾದದ್ದು ಹಾಗೆ.

"ಅದು ಚೆಂದ ಇತ್ತಲ್ಲ," ಎಂದ ಅಸ್ಕರ್ ಮೆಟ್ಟಿಲಿಳಿಯುತ್ತ. "ಆಂಟಿ, ಬೈಬೇಡಿ. ನಿಮ್ಮ ಮಾಂಬಳ ಭಾರೀ ರುಚಿ."

ಬುತ್ತಿಯ ಗಂಟಿನ ಗುಟ್ಟು ಅಷ್ಟೇ ಆಗಿತ್ತು. ಶಾಂಭವಿ ನಗು ತಡೆಯಲಾಗದೆ ಕಿಟಕಿಯ ಕಡೆ ಮುಖ ತಿರುಗಿಸಿದಳು. ಆದರೆ ಮಚ್ಚೆ? ಏರಿಸಿದ ಗ್ಲಾಸು? ಮನೆಯಲ್ಲಿ ಹೇಳಬಾರದೆಂಬ ಕಟ್ಟು?

ಕನಕಮಜಲಿಗೆ ಮೊದಲು ರಸ್ತೆ ಅಗಲವಾಗಿರುವಲ್ಲಿ ಪ್ರೇಮಾವತಿ ವ್ಯಾನನ್ನು ಬದಿಗೆ ಹಾಕಿ ಇಂಜಿನು ಬಂದ್ ಮಾಡಿದರು. ಮುರಳಿಕೃಷ್ಣನ ಭಾವ ನೋಡಿದ್ದು ಇದನ್ನೇ. ಅವರು ಸೀಟಿನಲ್ಲೇ ಹಿಂದಕ್ಕೆ ತಿರುಗಿ ಕೂತರು.

"ಕೊನೆಯನ್ನು ಓಡಿಸ್ತಾ ಹೇಳ್ಲಿಕ್ಕೆ ಆಗುದಿಲ್ಲ ಅಕ್ಕ, ನನ್ನ ಗಮನ ತಪ್ತದೆ," ಎಂದು ಶಾಂಭವಿಗೆ ಹೇಳಿ, ಮಕ್ಕಳ ಕಡೆ ತಿರುಗಿದರು. "ಬೊಳ್ಳಿ ಮೂಗು ಒತ್ತಿ ಹಿಡಿದ್ಲು. ಆದ್ರೂ ಒಂದು ಸಣ್ಣ ಸೀನು ಬಂದೇ ಬಂತು. ಗೋಪುರದವ ನಿಂತ. ಆದ್ರೆ ಅಮ್ಮ ಅವನಿಗೆ ಮೊದಲೇ ಬೇರೆ ದಾರಿ ತೋರ್ಸಿದ್ಲಲ್ಲ, ನನ್ನ ಮಗಳು ಹೊಳೆ ಕಡೆ ಓಡಿದ್ದಾಳೆ ಅಂತ. ಅವ ಹೊಳೆ ಕಡೆಗೇ ಹೋದ."

ಚಿನ್ಮಯೀ ಉಸಿರು ಬಿಟ್ಟಳು. ಹನಾನ್ ಪುಸ್ತಕ ಮುಚ್ಚಿದಳು.

"ಅದು ಆಗುದಿಲ್ಲ," ಎಂದಳು ಚೈತನ್ಯಾ.

"ಎಂತ ಆಗುದಿಲ್ಲ?"

"ಬೊಳ್ಳಿ ಟಾಂಕಿಯಲ್ಲಿ ಇದ್ದಾಳೆ ಅಂತ ಅಮ್ಮನಿಗೆ ಗೊತ್ತಿಲ್ಲ ಅಲ್ವಾ? ಗೊತ್ತಿಲ್ಲದಿದ್ರೆ ಯಾವ ಕಡೆ ಸುಳ್ಳು ತೋರ್ಸುದು? ತಪ್ಪಿ ಟಾಂಕಿಯ ಕಡೆಯೇ ತೋರ್ಸಿದ್ರೆ?"

ಒಂದು ಲಾರಿ ದಾಟಿಹೋಯಿತು, ವ್ಯಾನು ಒಮ್ಮೆ ಅಲ್ಲಾಡಿತು.

"ಹೌದಲ್ಲ ಮಾರಾಯ್ತಿ," ಎಂದರು ಪ್ರೇಮಾವತಿ. ಟವೆಲಿನಿಂದ ಕುತ್ತಿಗೆ ಒರೆಸಿಕೊಂಡರು. ಯೋಚಿಸಿದರು. "ಹಾಗಾದ್ರೆ ಅದು ಹಾಗಲ್ಲ. ಸೀನು ಮೊದಲು ಬಂತು. ಗೋಪುರದವನಿಗೆ ಅದು ಯಾರ ಸೀನು ಅಂತ ಗೊತ್ತಾಗ್ಲಿಲ್ಲ. ಅಮ್ಮನಿಗೆ ಗೊತ್ತಾಯ್ತು. ಸಾವಿರ ಮಕ್ಕಳ ಮಧ್ಯೆ ತನ್ನ ಮಗುವಿನ ಸೀನು ಅಮ್ಮನಿಗೆ ಗೊತ್ತಾಗುದಿಲ್ವಾ? ಅವಳು ತಾನೇ ಜೋರಾಗಿ ಸೀನಿದ್ಲು, ಸೆರಗಿನಲ್ಲಿ ಮೂಗು ಒರೆಸ್ಕೊಂಡ್ಲು, ಆಮೇಲೆ ಹೊಳೆಯ ಕಡೆ ಕೈ ತೋರ್ಸಿದ್ಲು. ಈಗ ಆಗ್ತದಾ?"

ಚೈತನ್ಯಾ ಎರಡು ಕ್ಷಣ ತೂಗಿ ನೋಡಿದಳು. "ಈಗ ಆಗ್ತದೆ."

ಅಷ್ಟು ಹೇಳಿ ಮುಂದೆ ಬಾಗಿ, ಎದುರು ಸೀಟಿನ ಮೇಲಿನಿಂದ ಅಮ್ಮನ ಕುತ್ತಿಗೆಗೆ ಕೈ ಹಾಕಿದಳು. ಶಾಂಭವಿ ಆ ಕೈಯನ್ನು ಹಿಡಿದುಕೊಂಡಳು.

ಚಿನ್ಮಯೀ ಇಳಿದಳು, ಕಾವಿನ ಹತ್ತಿರ ಹನಾನ್ ಇಳಿದಳು. ಹಿಂದೆ ತಿರುಗಿ ಹೊರಟಾಗ ಹೊತ್ತು ಕಂತುತ್ತಿತ್ತು. ಚೈತನ್ಯಾ ಹಿಂದಿನ ಸೀಟಿನಲ್ಲಿ ಚೀಲಕ್ಕೆ ತಲೆಯಿಟ್ಟು ಮಲಗಿದ್ದಳು. ಶಾಂಭವಿಗೆ ಕೇಳಬೇಕಾದದ್ದನ್ನು ಕೇಳಲು ಅದೇ ಸಮಯ.

"ನನ್ನ ಮಗಳ ಕಿವಿಯ ಹಿಂದಿನ ಮಚ್ಚೆ ನಿಮ್ಮ ಬೊಳ್ಳಿಗೆ ಹೇಗೆ ಬಂತು ಪ್ರೇಮಕ್ಕ?"

"ಅವಳೇ ಕೊಟ್ಟದ್ದು." ಪ್ರೇಮಾವತಿ ನಕ್ಕರು. "ಒಬ್ಬೊಬ್ಬರು ಒಂದೊಂದು ಕೊಡ್ಬೇಕು ಅಂತ ಹೇಳಿದ್ದೆ. ಸೀನು ಹನಾನಂದು, ಅವಳಿಗೆ ಧೂಳು ಆಗುದಿಲ್ಲ. ಬಾರು ಕಡಿದ ಚಪ್ಪಲಿ ಅಸ್ಕರಂದು. ಇಂಬಳದ ಹೆದರಿಕೆ ಚಿನ್ಮಯೀದು."

"ಹೇನು?"

"ಅದು ಯಾರದ್ದು ಅಂತ ಕೇಳ್ಬೇಡಿ ಅಕ್ಕ, ಮರ್ಯಾದೆ ಪ್ರಶ್ನೆ."

ಶಾಂಭವಿಗೆ ತಾನು ಹೇನಿನ ಬಾಚಣಿಗೆ ತಂದ ವಾರ ನೆನಪಾಯಿತು.

ಕೇಳಿದ್ದಕ್ಕೂ ಕೇಳದ್ದಕ್ಕೂ ಸೇರಿಸಿ ಪ್ರೇಮಾವತಿ ಹೇಳುತ್ತ ಹೋದರು. ಎರಡು ವರ್ಷದ ಹಿಂದೆ ಓಡುತ್ತಿದ್ದ ವ್ಯಾನಿನ ಬಾಗಿಲನ್ನು ಒಂದು ಮಗು ಎಳೆದುಬಿಟ್ಟಿತ್ತು. ಬೀಳಲಿಲ್ಲ, ಆದರೆ ಅಂದಿನಿಂದ ಕೈ ಒಳಗೆ, ಗ್ಲಾಸು ಮೇಲೆ. ಬೈದು ಕೂರಿಸಿದರೆ ಒಂದು ಕಿಲೋಮೀಟರು, ಕತೆ ಹೇಳಿ ಕೂರಿಸಿದರೆ ಮನೆಯವರೆಗೆ. ಕತೆ ಅವರಿಗೆ ಹೊಸದಲ್ಲ. ಚಿಕ್ಕಂದಿನಲ್ಲಿ ಅಮ್ಮನ ಜೊತೆ ಅಡಿಕೆ ಸುಲಿಯುವಲ್ಲಿಗೆ ಹೋಗುವಾಗ, ಸುಲಿಯುವವರಿಗೆ ತೂಕಡಿಕೆ ಬಾರದ ಹಾಗೆ ಒಬ್ಬಳು ಕತೆ ಹೇಳಬೇಕಿತ್ತು. ಚಾ ಬರುವ ಹೊತ್ತಿಗೆ ಸರಿಯಾಗಿ ಮಧ್ಯದಲ್ಲಿ ನಿಲ್ಲಿಸಬೇಕು. ಇಲ್ಲದಿದ್ದರೆ ಚಾ ಕುಡಿದವರು ಮನೆಗೆ ಎದ್ದುಹೋಗುತ್ತಾರೆ.

"ಮೊದಲು ರಾಜಕುಮಾರಿ ಕತೆ ಹೇಳಿದೆ. 'ಪ್ರೇಮಕ್ಕ, ಅವಳಿಗೆ ಪರೀಕ್ಷೆ ಇಲ್ವಾ?' ಅಂತ ಕೇಳಿದ್ವು. ಮತ್ತೆ ಹನಾನ್ ಲೈಬ್ರರಿಯಿಂದ ಒಂದು ಇಂಗ್ಲಿಷ್ ಪುಸ್ತಕ ತಂದು ಅದರ ಕತೆ ಹೇಳಿದ್ಲು. ಲೋಕ ಎಲ್ಲ ಹಾಳಾಗಿ ಹೋದ ಮೇಲಿನದು. ಲೋಕ ನನಗೆ ಹಿಡಿಸಿತು, ಹುಡುಗಿ ಹಿಡಿಸ್ಲಿಲ್ಲ. ಅಷ್ಟು ಓಡ್ತಾಳೆ, ಒಮ್ಮೆಯೂ ಮೂಗು ಸೋರುದಿಲ್ಲ. ಅಂಥವಳು ತಪ್ಪಿಸ್ಕೊಂಡ್ರೆ ನಮಗೆಂತ? ನಮ್ಮ ಹಾಗೆ ಇರುವವಳು ತಪ್ಪಿಸ್ಕೊಳ್ತಾಳಾ ಅಂತ ಅಲ್ವಾ ಮಕ್ಕಳಿಗೆ ನೋಡ್ಲಿಕ್ಕಿರುದು?"

"ಆದ್ರೂ ಇಷ್ಟು ಹೆದರಿಕೆಯದ್ದು ಯಾಕೆ?"

"ಅವರಿಗೆ ಅದು ಹೊಸ ಊರು ಅಂತ ಕಾಣುದೇ ಇಲ್ಲ ಅಕ್ಕ. ಏಳ್ಲಿಕ್ಕೆ ಅಲಾರಾಂ, ಶಾಲೆಗೆ ಬೆಲ್ಲು, ಮೈದಾನದಲ್ಲಿ ವಿಸಿಲು, ನನ್ನ ಹಾರ್ನು. ಹೆದರಿಕೆ ಎಲ್ಲ ಮೊದಲೇ ಉಂಟು. ಕೊನೆ ಮಾತ್ರ ನಾನು ಕೊಡುದು."

"ನನ್ನ ಮಗಳಿಗೆ ಕೊಡ್ಲಿಲ್ಲ."

ಪ್ರೇಮಾವತಿ ಗೇರು ಇಳಿಸಿದರು. "ಅದು ನನ್ನ ತಲೆಗೆ ಹೋಗ್ಲಿಲ್ಲ," ಎಂದರು. "ಎಲ್ಲರಿಗೂ ಹೇಳಿ ಮುಗಿಸಿದ್ದೇನೆ ಅಂತಲೇ ನಾನು ಗ್ರಹಿಸಿದ್ದು. ಬೆಳಿಗ್ಗೆ ಉಳಿದದ್ದು ಹೇಳ್ಬಹುದಿತ್ತು. ಆದ್ರೆ ಬೆಳಿಗ್ಗೆ ಕತೆ ಹೇಳಿದ್ರೆ ದಾರಿಯಲ್ಲಿ ಹೋಗುವವರಿಗೆ ದಾರಿ ತಪ್ತದೆ ಅಂತ ನಮ್ಮ ಅಜ್ಜಿ ಹೇಳ್ತಿದ್ರು. ನಾನು ಡ್ರೈವರು ಅಲ್ವಾ, ಅದನ್ನು ಪರೀಕ್ಷೆ ಮಾಡ್ಲಿಕ್ಕೆ ಹೋಗುದಿಲ್ಲ."

"ಮನೆಯಲ್ಲಿ ಹೇಳ್ಬಾರ್ದು ಅಂತ ಹೇಳಿದ್ದು?"

"ಮನೆಯಲ್ಲಿ ಅಂತ ಯಾರು ಹೇಳಿದ್ದು? ಇಳಿದವರಿಗೆ ಉಳಿದದ್ದು ಹೇಳಿ ನನ್ನ ಕತೆ ಕೆಡಿಸ್ಬೇಡಿ ಅಂತ ಹೇಳಿದ್ದು!" ಎಂದವರು, ತಾವೇ ಮಾತು ತಡೆದರು. "ಮಕ್ಕಳು ಅದನ್ನು ಹೀಗೆ ತೆಕ್ಕೊಂಡ್ವಾ? ಅಮ್ಮನ ಹತ್ರ ಮುಚ್ಚಿಡುದಾ? ಅಯ್ಯೋ, ಅದು ಆಗ್ಬಾರ್ದು. ಸೋಮವಾರವೇ ಆ ಕಟ್ಟು ತೆಗೀತೇನೆ."

ಶಾಂಭವಿ ಅವರ ಮುಖವನ್ನು ಬದಿಯಿಂದ ನೋಡಿದಳು. ಹೇಳಿದ್ದರಲ್ಲಿ ಎಷ್ಟು ನಿಜ, ಎಷ್ಟು ಆಗಿಂದಾಗ ಕಟ್ಟಿದ್ದು? ಕತೆಯ ಹೊಂಡವನ್ನು ಇವರು ಎಷ್ಟು ಬೇಗ ಮುಚ್ಚುತ್ತಾರೆಂದು ಈಗಷ್ಟೇ ನೋಡಿದ್ದಳಲ್ಲ. ಆದರೆ ಮಕ್ಕಳ ಎದುರು ಸೋತು "ಹೌದಲ್ಲ" ಎಂದದ್ದನ್ನೂ ನೋಡಿದ್ದಳು. ಅವಳು ಫೋನು ತೆಗೆದಳು.

"ಮುರಳಿಯಣ್ಣ, ನಾಳೆ ನನ್ನ ಹೆಸರು ಎತ್ತಬೇಡಿ. ವ್ಯಾನು ರಸ್ತೆ ಬದಿ ನಿಲ್ಲಿಸುದು ಬೇಡ ಅಂತ ನಾನೇ ಹೇಳಿದ್ದೇನೆ, ನಿಲ್ಲಿಸುದಿಲ್ಲ. ಹಾಂ, ನಾನೇ ಕೂತು ನೋಡಿದೆ. ಪಿಸಿಪಿಸಿ ಎಂತದೂ ಅಲ್ಲ, ಕತೆ. ನಿಮ್ಮ ಚಿನ್ಮಯೀಯನ್ನು ಒಮ್ಮೆ ಕೇಳಿ, ಬೊಳ್ಳಿ ಯಾರು ಅಂತ."

ಪ್ರೇಮಾವತಿ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ನಾನು ಯಾವಾಗ ಹೇಳಿದೆ, ನಿಲ್ಲಿಸುದಿಲ್ಲ ಅಂತ?"

"ಈಗ ಹೇಳ್ತೀರಿ."

"ಈಗ ಹೇಳ್ತೇನೆ," ಎಂದು ಅವರು ಒಪ್ಪಿದರು. "ನಾಳೆ ಮೀಟಿಂಗ್ ಉಂಟು ಅಂತ ನನಗೂ ಗೊತ್ತಿತ್ತು ಅಕ್ಕ. ಬ್ಯಾಂಕಿಗೆ ಬಂದವರ ಕೈಯಲ್ಲಿ ಪಾಸ್‌ಬುಕ್ಕೂ ಇಲ್ಲ."

ಗೇಟು ಬಂತು. ಜಗಲಿಯಲ್ಲಿ ಗೌರೀಶಂಕರ ಲೈಟು ಹಾಕಿ ನಿಂತಿದ್ದ. ಶಾಂಭವಿ ಇಳಿದು, ನಿದ್ದೆಗಣ್ಣಿನ ಮಗಳನ್ನು ಹೆಗಲಿಗೆ ಹಾಕಿಕೊಂಡಳು. ಪ್ರೇಮಾವತಿ ಇಂಜಿನು ಬಂದ್ ಮಾಡದೆ, ಕಿಟಕಿಯಿಂದ ತಲೆ ಹೊರಗೆ ಹಾಕಿದರು.

"ಅಕ್ಕ, ಒಂದು ಉಪಕಾರ ಆಗ್ಬೇಕಿತ್ತು."

ಶಾಂಭವಿ ತಿರುಗಿದಳು.

"ಸೋಮವಾರದಿಂದ ಇವಳನ್ನು ಹೋಗುವಾಗ ಇಳಿಸುದು ಬೇಡ. ಹೀಗೆಯೇ, ಬರುವಾಗ ಇಳಿಸ್ತೇನೆ. ಹನಾನ್ ಇಳಿದ ಮೇಲೆ ಇಲ್ಲಿಯವರೆಗೆ ವ್ಯಾನಿನಲ್ಲಿ ನಾವಿಬ್ಬರೇ. ನಿಮಗೆ ಅದು ಯೋಚನೆ ಮಾಡುವ ವಿಷಯ ಅಂತ ನನಗೂ ಗೊತ್ತುಂಟು, ನಾನೂ ಮಗಳನ್ನು ಬೆಳೆಸಿದವಳೇ. ಆದ್ರೂ ಕೇಳ್ತೇನೆ. ಇವಳು ಇಳಿದುಹೋದ ಮೇಲೆ ನನ್ನನ್ನು 'ಅದು ಆಗುದಿಲ್ಲ' ಅಂತ ತಡೆಯುವವರು ಯಾರೂ ಇಲ್ಲ ಅಕ್ಕ. ಬಾಯಿಗೆ ಬಂದದ್ದೆಲ್ಲ ಕತೆಗೆ ಸೇರ್ತದೆ. ಬೊಳ್ಳಿಯನ್ನು ಆ ಊರಿನಿಂದ ಹೊರಗೆ ತರುವಷ್ಟು ದಿನ ಇವಳನ್ನು ನನ್ನೊಟ್ಟಿಗೆ ಬಿಡ್ತೀರಾ?"